ತಯಾರಿದ್ದೇನೆ ಎಂದ ದನಿ

ಮಾರ್ಚ್ 12, ಗುರುವಾರ, ಬೆಳಿಗ್ಗೆ 9.40ಕ್ಕೆ ಆಸ್ಟ್ರೇಲಿಯಾದ ಪರ್ತ್ ಬಳಿಯ ಫ್ರೀಮ್ಯಾಂಟಲ್ ಠಾಣೆಗೆ ಬ್ರಿಸ್ಬೇನಿನಿಂದ ಫೋನಿನಲ್ಲಿ ದೂರು ಬಂತು. ದೂರು ಕೊಟ್ಟವಳು ಲಿನೆಟ್. ಹಿಂದಿನ ದಿನ ತೀರಿಕೊಂಡ ಪೆಟ್ರೋನಿಲ್ಲಾರ ಮಗಳು.

ಮೇಲ್ನೋಟಕ್ಕೆ ಆ ಸಾವಿನಲ್ಲಿ ಕಾನೂನಿನ ತೊಡಕಿರಲಿಲ್ಲ. ಪೆಟ್ರೋನಿಲ್ಲಾರಿಗೆ ವಾಸಿಯಾಗದ ಕ್ಯಾನ್ಸರ್. ಅಲ್ಲಿನ ಕಾನೂನಿನಂತೆ ಇಬ್ಬರು ವೈದ್ಯರ ಒಪ್ಪಿಗೆಯ ಮೇಲೆ, ಅವರು ತಾವಾಗಿಯೇ ಕುಡಿದು ಜೀವ ಬಿಡಬಹುದಾದ ಔಷಧಿ ಎರಡು ತಿಂಗಳಿಂದ ಮನೆಯಲ್ಲೇ ಬೀಗದ ಪೆಟ್ಟಿಗೆಯಲ್ಲಿತ್ತು. ಯಾವ ಕ್ಷಣದಲ್ಲೂ ಬೇಡವೆನ್ನುವ ಹಕ್ಕು ಅವರಿಗಿತ್ತು.

“ಮಮ್ಮಿ ಬೇಡ ಅಂದಿದ್ರು ಮೇಡಂ. ನಿನ್ನೆ ಬೆಳಿಗ್ಗೆ ಫೋನಲ್ಲಿ ನಗ್ತಾ ಇದ್ರು. ಕ್ಲಿನಿಕ್‌ಗೆ ಬೇಡ ಅಂತ ಹೇಳ್ಬಿಟ್ಟೆ, ನೀನು ಈಸ್ಟರ್‌ಗೆ ಬಾ ಅಂದ್ರು. ಮಧ್ಯಾಹ್ನ ಡ್ಯಾಡಿ ಫೋನ್ ಮಾಡಿ, ಅವಳು ಕುಡಿದ್ಲು ಅಂದ್ರು.”

ದೂರು ಕೇಳಿಸಿಕೊಂಡ ಡಿಟೆಕ್ಟಿವ್ ಸೌಜನ್ಯ ಕಾನ್‌ಸ್ಟೇಬಲ್ ಒಬ್ಬನೊಂದಿಗೆ 11.15ಕ್ಕೆ ಆ ಮನೆ ತಲುಪಿದಳು. ಬಾಗಿಲು ತಟ್ಟಲು ಕೈಯೆತ್ತಿದಾಗ ಒಳಗೆ ಹೆಂಗಸೊಬ್ಬಳು ಸಣ್ಣಗೆ ಮಾತಾಡುವುದು ಕೇಳಿಸಿತು. ತಟ್ಟಿದೊಡನೆ ಮಾತು ನಿಂತಿತು. ಬಾಗಿಲು ತೆರೆದವರು ಪೆಟ್ರೋನಿಲ್ಲಾರ ಗಂಡ, ಎಪ್ಪತ್ನಾಲ್ಕರ ಹೆರಾಲ್ಡ್.

“ಒಳಗೆ ಯಾರಿದ್ದಾರೆ ಅಂಕಲ್?”

“ಯಾರಿಲ್ಲ ಮಾರಾಯ್ತಿ. ನಾನೊಬ್ಬನೇ.”

ಕಾನ್‌ಸ್ಟೇಬಲ್ ಕೋಣೆ ಕೋಣೆಯನ್ನೂ ನೋಡಿ ಬಂದ. ಯಾರೂ ಇರಲಿಲ್ಲ. ಸೌಜನ್ಯ ಪೆಟ್ಟಿಗೆ, ಕೀಲಿ, ಲೋಟಗಳನ್ನು ಮಹಜರು ಬರೆದು ವಶಕ್ಕೆ ತೆಗೆದುಕೊಂಡಳು.

ಕ್ಲಿನಿಕ್ಕಿನ ದಾಖಲೆಯಲ್ಲಿ ಎರಡು ಕರೆಗಳ ಧ್ವನಿಮುದ್ರಣವಿತ್ತು. ಸೋಮವಾರ ಪೆಟ್ರೋನಿಲ್ಲಾ ಫೋನ್ ಮಾಡಿ, ಔಷಧಿ ಬೇಡ, ವಾಪಸ್ ಒಯ್ಯಿರಿ ಎಂದಿದ್ದರು. ಮಂಗಳವಾರ ಖಚಿತಪಡಿಸಿಕೊಳ್ಳಲು ಕ್ಲಿನಿಕ್ಕಿನವರು ಮನೆಗೆ ಫೋನ್ ಮಾಡಿದಾಗ ಒಂದು ತೆಳು ಹೆಣ್ಣು ದನಿ ಇಂಗ್ಲಿಷಿನಲ್ಲಿ, “ನಿನ್ನೆ ಹೆದರಿದ್ದೆ ಅಷ್ಟೆ. ಪೆಟ್ಟಿಗೆ ಇರಲಿ. ನಾನು ತಯಾರಿದ್ದೇನೆ,” ಎಂದಿತ್ತು.

ಶುಕ್ರವಾರ ಬೆಳಿಗ್ಗೆ ಪರ್ತಿಗೆ ಬಂದಿಳಿದ ಲಿನೆಟ್ ಠಾಣೆಯಲ್ಲಿ ಎರಡನೆಯ ಕರೆಯ ಧ್ವನಿಮುದ್ರಣ ಕೇಳಿದಳು. ಮತ್ತೊಮ್ಮೆ ಹಾಕಿಸಿದಳು.

“ಇದು ಮಮ್ಮಿ ಅಲ್ಲ. ಮಾತಿನ ಮಧ್ಯೆ ಹೀಗೆ ಉಸಿರು ಎಳ್ಕೊಳ್ಳೋದು ಡ್ಯಾಡಿ.”

ಮಧ್ಯಾಹ್ನ 2.30ಕ್ಕೆ ವಿಚಾರಣೆ ಶುರುವಾಯಿತು. ಹೆರಾಲ್ಡರಿಗೆ ಹಕ್ಕುಗಳನ್ನು ತಿಳಿಸಲಾಯಿತು, ವಕೀಲರು ಬೇಡವೆಂದರು.

“ಔಷಧಿ ಯಾರು ಕುಡಿಸಿದ್ದು?”

“ನಾನೇ. ನೀರು ಅಂತ ಹೇಳಿ ಕೊಟ್ಟೆ.”

“ಆಂಟಿ ಬೇಡ ಅಂದಿದ್ರಲ್ಲ?”

“ಸಾಕು ಮಗ, ಸಾಕು ಅಂತ ಇದ್ದರು. ಹಗಲೂ ರಾತ್ರಿ.”

“ಹೆಂಡತಿ ನಿಮ್ಮನ್ನ ಮಗ ಅಂತಿದ್ರಾ?”

ಸೌಜನ್ಯ ಮಂಗಳವಾರದ ಕರೆಯನ್ನು ಹಾಕಿದಳು. ಹೆರಾಲ್ಡ್ ತಲೆ ವಾಲಿಸಿ ಕೇಳಿದರು. ಕಣ್ಣು ತುಂಬಿತು.

“ನಮ್ಮ ಅಮ್ಮನ ಸ್ವರ! ಇಂಗ್ಲಿಷ್ ಯಾವಾಗ ಕಲಿತರು ಇವರು?”

ಸೌಜನ್ಯ ಧ್ವನಿಮುದ್ರಣ ನಿಲ್ಲಿಸಿದಳು. ಸಂಜೆ 4.05ಕ್ಕೆ ಕೊಲೆ ಆರೋಪದ ಮೇಲೆ ಅವರನ್ನು ಬಂಧಿಸಿದಳು.

ಮನೋವಿಶ್ಲೇಷಕಿ ಅಹಲ್ಯಾ ಆರು ಸಲ ಅವರೊಡನೆ ಕೂತು ವರದಿ ಬರೆದಳು. ಹೆರಾಲ್ಡ್ ಕುವೈತಿನಲ್ಲಿದ್ದಾಗ, ಊರಲ್ಲಿ ಕ್ಯಾನ್ಸರಿನಿಂದ ನರಳುತ್ತಿದ್ದ ತಾಯಿ ಒಂದು ಕ್ಯಾಸೆಟ್ ಕಳಿಸಿದ್ದಳು: ಸಾಕು ಮಗ, ಬಂದು ಇದನ್ನು ಮುಗಿಸು. ರಜೆ ಸಿಗಲಿಲ್ಲ. ತಾಯಿ ಮತ್ತೆ ನಾಲ್ಕು ತಿಂಗಳು ನರಳಿದಳು. ಆ ಕ್ಯಾಸೆಟ್ಟಿನ ವಿಷಯ ಹೆರಾಲ್ಡ್ ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಮೂವತ್ತೆಂಟು ವರ್ಷಗಳ ಮೇಲೆ ಪಕ್ಕದ ಹಾಸಿಗೆಯಲ್ಲಿ ಅದೇ ಕಾಯಿಲೆ ಬಂದು ಮಲಗಿದಾಗ, ತಾಯಿಯ ದನಿ ಅವರ ಬಾಯಿಂದಲೇ ಹೊರಡತೊಡಗಿತು, ಅದು ತಮ್ಮದೆಂದು ಅವರಿಗೆ ತಿಳಿಯಲಿಲ್ಲ; ಬದುಕಬೇಕೆಂದ ಹೆಂಡತಿಯ ಮಾತು ಅವರಿಗೆ ಕೇಳಿಸಲೇ ಇಲ್ಲ.