ಬೀರು ಒಲೆಯ ಪಾಕ

ಡೆಲ್ಫೀನಳ ಒಲೆಯಿಂದ ಎದ್ದ ಹಬೆ ಮೋಡವಾಗಿ ಮೇಲೇರಿ ಮೂರು ಊರುಗಳ ಮೇಲೆ ಸಿಹಿ ಮಳೆ ಸುರಿಸಿತು. ಜನ ಪ್ಯಾನ್‌ಕೇಕ್ ತಟ್ಟೆ ಹಿಡಿದು ಬೀದಿಗೆ ಓಡಿ ಬಂದರು. ಹಸುಗಳು ಒಂದು ವಾರ ಒಂದರ ಬೆನ್ನನ್ನು ಇನ್ನೊಂದು ನೆಕ್ಕುತ್ತ ನಿಂತವು. ನಂಬದಿದ್ದರೆ ಬಿಡಿ. ನಾನು ಕ್ಲೋವಿಸ್, ಅವಳ ಸೋದರಮಾವನ ಮಗ. ಶುರುವಿನಿಂದ ಪಕ್ಕದಲ್ಲೇ ಇದ್ದವನು.

ಆ ಹಬೆ ಮೊದಲು ಎದ್ದದ್ದು ಅವಳ ಮನೆಯ ಅಡುಗೆಮನೆಯಲ್ಲಿ.

"ಅಮ್ಮ ಗ್ಯಾರೇಜಿಂದ ಬರೋದ್ರೊಳಗೆ ಮುಗೀಬೇಕು ಕಣೋ. ಕಿಟಕಿ ತೆಗೀಬೇಡ, ಒಲೆ ತಣ್ಣಗಾಗುತ್ತೆ!" ಎಂದಳು ಡೆಲ್ಫೀನ್.

ಒಲೆಯ ನಾಲ್ಕು ಉರಿಗಳ ಮೇಲೂ ದೊಡ್ಡ ಪಾತ್ರೆ. ನಾಲ್ಕರಲ್ಲೂ ಮೇಪಲ್ ಮರದ ರಸ. ನೋಡಲು ನೀರು, ಕುಡಿದರೂ ಹೆಚ್ಚುಕಡಿಮೆ ನೀರೇ. ನಲವತ್ತು ಚೊಂಬು ರಸ ಕುದಿದು ಕುದಿದು ಇಂಗಿದರೆ ಒಂದು ಚೊಂಬು ಪಾಕ. ಉಳಿದ ಮೂವತ್ತೊಂಬತ್ತು ಚೊಂಬು ಎಲ್ಲಿಗೆ ಹೋಗುತ್ತದೆ ಎಂದು ನಾವಿಬ್ಬರೂ ಯೋಚಿಸಿರಲಿಲ್ಲ.

ಅದು ಗೋಡೆಗೆ ಹೋಯಿತು. ಹಬೆ ಎಷ್ಟು ದಟ್ಟವಾಗಿತ್ತೆಂದರೆ ಬೆಕ್ಕು ದಾರಿ ತಪ್ಪಿ ಫ್ರಿಜ್ಜಿಗೆ ಡಿಕ್ಕಿ ಹೊಡೆಯಿತು. ಡೆಲ್ಫೀನಳ ಅಮ್ಮ ಇವೆಟ್ ಅತ್ತೆ ಬಾಗಿಲು ತೆಗೆದು ಒಳಗೆ ಕಾಲಿಟ್ಟದ್ದೇ ತಡ, ಗೋಡೆಗೆ ಅಂಟಿಸಿದ್ದ ಗುಲಾಬಿ ಹೂವಿನ ಕಾಗದ ಮೇಲಿನಿಂದ ಸರ್ರನೆ ಬಿಚ್ಚಿಕೊಂಡು ಅವರ ಹೆಗಲ ಮೇಲೆ ಶಾಲಿನಂತೆ ಬಿತ್ತು.

"ಡೆಲ್ಫೀನ್!"

"ಅಮ್ಮಾ, ಒಂದೇ ಒಂದು ಸೀಸೆ..."

"ಹೊರಗೆ! ಪಾತ್ರೆ, ರಸ, ನೀನು, ಈ ಕ್ಲೋವಿಸ್, ಎಲ್ಲಾ ಹೊರಗೆ!"

ಆ ಒಂದು ಸೀಸೆಯದೇ ದೊಡ್ಡ ಕತೆ. ತಾತನ ಕೋಣೆಯ ಕಿಟಕಿಯಲ್ಲಿ ಮೂವತ್ತೊಂಬತ್ತು ಪುಟ್ಟ ಸೀಸೆಗಳು ಸಾಲಾಗಿ ನಿಂತಿವೆ. ವರ್ಷಕ್ಕೊಂದು. ಆ ವರ್ಷದ ಪಾಕ ತುಂಬಿ, ಚೀಟಿ ಅಂಟಿಸಿ ಇಟ್ಟದ್ದು. ಒಂದು ಜೇನಿನ ಬಣ್ಣ, ಒಂದು ಚಹಾದ ಬಣ್ಣ. ನಡುವೆ ಒಂದು ವರ್ಷವೂ ತಪ್ಪಿಲ್ಲ. ಆದರೆ ಈ ಫೆಬ್ರವರಿಯಲ್ಲಿ ಹಿಮದ ಭಾರಕ್ಕೆ ಪಾಕ ಕಾಯಿಸುವ ಕೊಟ್ಟಿಗೆಯ ಚಾವಣಿ ಕುಸಿದು, ತಾತನ ದೊಡ್ಡ ಕೊಪ್ಪರಿಗೆ ಹಪ್ಪಳವಾಯಿತು.

"ಈ ವರ್ಷ ಇಲ್ಲ, ಬಿಡಿ" ಎಂದಿದ್ದರು ತಾತ. ಕುರ್ಚಿಯನ್ನು ಕಿಟಕಿಯ ಕಡೆಯಿಂದ ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತುಬಿಟ್ಟಿದ್ದರು. ಊಟಕ್ಕೆ ಕರೆದರೆ ಮಾತ್ರ ಏಳುವುದು.

ಡೆಲ್ಫೀನ್ ಯಾರನ್ನೂ ಕೇಳದೆ ಗುಡ್ಡದ ಎಂಟು ಮರಗಳಿಗೆ ತೂತು ಕೊರೆದು, ನಳಿಗೆ ಹೊಡೆದು, ಬಕೆಟ್ ನೇತುಹಾಕಿದ್ದಳು. ರಸವೇನೋ ಇಳಿಯುತ್ತಿತ್ತು. ಆದರೆ ಕೊಂಬೆಗಳ ತುದಿಯಲ್ಲಿ ಮೊಗ್ಗು ಆಗಲೇ ಕೆಂಪಗಾಗುತ್ತಿತ್ತು. ಮೊಗ್ಗು ಒಡೆದ ಮೇಲೆ ಪಾಕ ಮಾಡಿದರೆ ಅದಕ್ಕೆ ಒದ್ದೆ ಸಾಕ್ಸಿನ ವಾಸನೆ. ಹೆಚ್ಚೆಂದರೆ ಮೂರು ದಿನ ಉಳಿದಿತ್ತು.

"ಹಾಗಾದ್ರೆ ಅಂಗಳದಲ್ಲೇ ಒಲೆ ಕಟ್ತೀನಿ" ಎಂದಳು ಡೆಲ್ಫೀನ್, ಕೂದಲಿಗೆ ಅಂಟಿದ್ದ ಗುಲಾಬಿ ಕಾಗದ ಕಿತ್ತು ಎಸೆಯುತ್ತ.

"ಯಾವುದರಲ್ಲಿ?"

"ಸಿಕ್ಕಿದ್ದರಲ್ಲಿ."

ಶನಿವಾರ ಬೆಳಿಗ್ಗೆ ಹಿಮದ ಮೇಲೆ ಜಾರುವ ಗಾಡಿ ಎಳೆದುಕೊಂಡು ಊರಾಚೆಯ ಗುಜರಿ ಅಂಗಳಕ್ಕೆ ಹೋದೆವು. ಅಲ್ಲಿ ಕಬ್ಬಿಣದ ಹಳೆಯ ಫೈಲ್ ಬೀರು ಒಂದು ಹಿಮದಲ್ಲಿ ಮಲಗಿತ್ತು. ಡೆಲ್ಫೀನ್ ಅದರ ಖಾನೆಗಳನ್ನು ಎಳೆದು ತೆಗೆದು, ಒಳಗೆ ತಲೆ ತೂರಿಸಿ ನೋಡಿದಳು.

"ಇದೇ ಒಲೆ!"

"ಇದು ಬೀರು ಕಣೇ."

"ಅಂಗಾತ ಮಲಗಿಸು. ಈಗ ಹೇಳು. ಖಾನೆ ಇದ್ದ ಜಾಗ ಮೇಲಕ್ಕೆ ಬಂತಾ? ಅದರ ಮೇಲೆ ಟ್ರೇ. ಈ ಕಡೆ ಬಾಗಿಲು, ಆ ಕಡೆ ಚಿಮಣಿ. ಒಳಗೆ ಬೆಂಕಿ."

ಮುಚ್ಚಿಹೋದ ಯಾವುದೋ ಹೋಟೆಲಿನ ಎರಡು ಉದ್ದನೆಯ ಸ್ಟೀಲ್ ಟ್ರೇಗಳು ಸಿಕ್ಕಿದವು. ತುಕ್ಕು ಹಿಡಿದ ಕೊಳವೆಯೂ ಸಿಕ್ಕಿತು. ಆ ಬೀರು ಆನೆಯಷ್ಟು ಭಾರ. ನಾನೊಬ್ಬನೇ ಒಂದು ಕೈಯಲ್ಲಿ ಎಳೆದೆ.

"ಒಂದು ಕೈಯಲ್ಲಿ ಏನೆಳೆದೆ, ಬಾಳೆಹಣ್ಣು ತಿಂತಿದ್ದೆ. ಎಳೆದಿದ್ದು ನಾನು" ಎಂದಳು ಡೆಲ್ಫೀನ್.

ಇವೆಟ್ ಅತ್ತೆಗೆ ಗೋಡೆಯ ಕೋಪ ಇನ್ನೂ ಇಳಿದಿರಲಿಲ್ಲ. ಆದರೂ ಬೀರುವನ್ನು ಸುತ್ತಿ ಬಂದು ನೋಡಿದರು. ಗ್ಯಾರೇಜಿನಿಂದ ಕಟಿಂಗ್ ಮಷೀನ್ ತಂದರು.

"ಇಬ್ರೂ ದೂರ ನಿಲ್ಲಿ. ಕಣ್ಣು ಮುಚ್ಕೊಳ್ಳಿ. ನನ್ನ ಅಡುಗೆಮನೆ ಉಳಿಯೋದಾದ್ರೆ ಏನು ಬೇಕಾದ್ರೂ ಕತ್ತರಿಸ್ತೀನಿ."

ಕಿಡಿಗಳು ಚಂದ್ರನವರೆಗೆ ಹಾರಿದವು. ಟ್ರೇಗಳು ಸರಿಯಾಗಿ ಕೂತವು. ಮೊದಲು ಖಾಲಿ ಒಲೆಗೆ ಬೆಂಕಿ ಹಾಕಿ, ಬೀರುವಿನ ಹಸಿರು ಬಣ್ಣವೆಲ್ಲ ಸುಟ್ಟುಹೋಗುವ ತನಕ ಉರಿಸಿದೆವು. ಎಂಥ ನಾತ! ಆಮೇಲೆ ಪರೀಕ್ಷೆಗೆಂದು ಟ್ರೇಗಳಿಗೆ ನೀರು ಸುರಿದೆವು.

ಒಂದು ಗಂಟೆ ಕಳೆಯಿತು. ಸೌದೆ ಅರ್ಧ ಖಾಲಿ. ಚಿಮಣಿ ಕೆಂಪಗೆ ಕಾದಿತ್ತು. ನೀರು ಮಾತ್ರ ಉಗುರುಬೆಚ್ಚಗೆ.

"ಬಿಡೇ, ಆಗಲ್ಲ ಇದು."

"ಬೇಕಾದ್ರೆ ನೀನು ಹೋಗು. ನಾನು ಬಿಡಲ್ಲ" ಎಂದು ಡೆಲ್ಫೀನ್ ಇನ್ನೆರಡು ಕಟ್ಟಿಗೆ ತುರುಕಿದಳು. ಹೊಗೆಗೋ ಏನೋ ಅವಳ ಕಣ್ಣಲ್ಲಿ ನೀರಿತ್ತು.

ಆಗ ಮನೆಯ ಬಾಗಿಲು ಕಿರ್ರೆಂದಿತು. ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ತಾತ ಹಿಮದ ಮೇಲೆ ನಡೆದು ಬಂದರು. ಬಗ್ಗಿ ಒಲೆಯೊಳಗೆ ಇಣುಕಿದರು.

"ಯಾರ ಬುದ್ಧಿ ಇದು?"

"ನಂದು" ಎಂದಳು ಡೆಲ್ಫೀನ್, ಬೈಸಿಕೊಳ್ಳಲು ತಯಾರಾಗಿ.

"ಬೆಂಕಿ ಬಲು ಸೋಮಾರಿ ಕಣಮ್ಮ. ದಾರಿ ಬಿಟ್ರೆ ನೇರ ಚಿಮಣಿಗೆ ಓಡುತ್ತೆ. ಟ್ರೇ ತಳ ಸವರ್ಕೊಂಡು ಹೋಗೋ ಹಾಗೆ ಮಾಡ್ಬೇಕು. ಮರಳು ತಗೊಂಬಾ. ಒಡೆದ ಇಟ್ಟಿಗೆ ಇದ್ರೆ ಅದನ್ನೂ ತಾ."

ಬೆಂಕಿ ಆರಿದ ಮೇಲೆ ಒಲೆಯ ಹಿಂಭಾಗಕ್ಕೆ ಇಟ್ಟಿಗೆ ಚೂರು ಹಾಕಿ, ಅದರ ಮೇಲೆ ಮರಳು ಸುರಿದು, ಬಾಗಿಲಿಂದ ಚಿಮಣಿಯವರೆಗೆ ಏರುದಾರಿ ಕಟ್ಟಿದೆವು. ಮತ್ತೆ ಬೆಂಕಿ ಹಚ್ಚಿದಾಗ ಕಾಲು ಗಂಟೆಯಲ್ಲಿ ನೀರು ಕೊತಕೊತ ಕುದಿಯಿತು. ತಾತ ಚಪ್ಪಲಿಯ ಹಿಮ ಕೊಡವಿ ಒಳಗೆ ಹೋದರು.

ಭಾನುವಾರ ಬೆಳಗಾಗುವಾಗ ಅಂಗಳದಲ್ಲಿ ತೆಳುವಾಗಿ ಹೊಸ ಹಿಮ ಬಿದ್ದಿತ್ತು. ರಸ ಕುದಿಯಲು ಶುರುವಾಯಿತು. ಹಿಂದಿನ ಟ್ರೇಯಲ್ಲಿ ಹೊಸ ರಸ. ಅದು ಅರ್ಧ ಇಂಗಿದ ಮೇಲೆ ಸೌಟಿನಿಂದ ಮುಂದಿನ ಟ್ರೇಗೆ. ನೊರೆ ಉಕ್ಕಿದರೆ ಡೆಲ್ಫೀನ್ ಚಿಟಿಕೆ ಬೆಣ್ಣೆ ಹಾಕುವಳು, ನೊರೆ ತೆಪ್ಪಗೆ ಕೂರುವುದು. ಮಧ್ಯಾಹ್ನದ ಹೊತ್ತಿಗೆ ಮುಂದಿನ ಟ್ರೇ ಹೊನ್ನಿನ ಬಣ್ಣಕ್ಕೆ ತಿರುಗಿತ್ತು.

"ಮರದಲ್ಲಿರೋ ಕೊನೇ ರಸ ತರ್ತೀನಿ. ನೀನು ಟ್ರೇ ನೋಡ್ಕೊ" ಎಂದಳು ಡೆಲ್ಫೀನ್. "ಎರಡು ಬೆರಳಿಗಿಂತ ಕೆಳಗೆ ಇಳೀಬಾರ್ದು. ಇಳಿದ್ರೆ ಹಿಂದಿನದ್ರಿಂದ ತೆಗೆದು ಹಾಕು. ಎಲ್ಲೂ ಹೋಗ್ಬೇಡ ಕಣೋ."

"ಪ್ರಾಣ ಹೋದ್ರೂ ಹೋಗಲ್ಲ!"

ಆಗಲೇ ಬಂತು ನೋಡಿ ಮೂಸ್! ಕಾಡಿನಿಂದ ಇಳಿದು ಬಂದ, ಕಡವೆ ಜಾತಿಯ ಭಾರೀ ಮೃಗ, ಲಾರಿಯಷ್ಟು ಎತ್ತರ. ಅದರ ಕೊಂಬಿನ ಅಗಲಕ್ಕೆ ಎರಡು ಮಂಚ ಹಾಕಬಹುದು. ಸೀದಾ ಮುಂದಿನ ಟ್ರೇಗೆ ಬಾಯಿ ಹಾಕಿ ಸೊರ್ರನೆ ಹೀರಿತು. ನಾನು ಕೊಂಬು ಹಿಡಿದು ಜೋತಾಡಿದೆ. ಅದು ನನ್ನನ್ನು ಮೂರು ಸುತ್ತು ತಿರುಗಿಸಿ ಎಸೆದು ಓಡಿತು. ಎದ್ದು ನೋಡುವಷ್ಟರಲ್ಲಿ ಟ್ರೇಯ ತಳದಲ್ಲಿ ಉಳಿದಿದ್ದು ಹೊತ್ತಿ ಕರಿ ಹೊಗೆ ಏಳುತ್ತಿತ್ತು.

ಡೆಲ್ಫೀನ್ ಬಕೆಟ್ ಹಿಡಿದು ಗುಡ್ಡ ಇಳಿದು ಬಂದಳು. ಟ್ರೇ ನೋಡಿದಳು. ನಾನು ಮೂಸಿನ ಕತೆಯನ್ನು ಕೈಕಾಲು ಆಡಿಸಿ ಹೇಳಿದೆ. ಅವಳು ಒಮ್ಮೆ ಅಂಗಳದ ಕಡೆ, ರಸ್ತೆಯ ಕಡೆ ಕಣ್ಣು ಹಾಯಿಸಿದಳು. ಬಕೆಟಿನ ಹಿಡಿ ಹಿಡಿದಿದ್ದ ಬೆರಳುಗಳು ಬೆಳ್ಳಗಾಗಿದ್ದವು.

"ಸರಿ" ಎಂದಳು. "ಸೌದೆ ತಾ. ಸಣ್ಣದಾಗಿ ಸೀಳಿದ್ದು."

ಕರಿ ಟ್ರೇಯನ್ನು ಇಕ್ಕಳದಲ್ಲಿ ಹಿಡಿದು ಹಿಮದ ಮೇಲೆ ಎಸೆದಳು. ಅದು ಚುಂಯ್ ಎಂದಿತು. ಒಲೆಯ ಮೇಲೆ ಆ ಟ್ರೇ ಇದ್ದ ತೂತಿಗೆ ಬೀರುವಿನ ಖಾನೆಯ ಮುಂಭಾಗದ ತಗಡು ಮುಚ್ಚಿದಳು. ಹಿಂದಿನ ಟ್ರೇಯಲ್ಲಿ ಉಳಿದಿದ್ದ ರಸ, ಬಕೆಟಿನಲ್ಲಿದ್ದ ರಸ, ಇನ್ನು ಅಷ್ಟೇ. ಸಂಜೆಯವರೆಗೆ ಒಲೆಯ ಮುಂದಿನಿಂದ ಅಲ್ಲಾಡಲಿಲ್ಲ. ನಾನು ತಂದುಕೊಟ್ಟ ಬ್ರೆಡ್ಡನ್ನು ಟ್ರೇಯ ಮೇಲಿನ ಕಣ್ಣು ತೆಗೆಯದೆ ತಿಂದಳು.

ಕೊನೆಗೆ ಸೌಟು ಎತ್ತಿ ಓರೆ ಮಾಡಿದಾಗ ಪಾಕ ಹನಿಹನಿಯಾಗಿ ಬೀಳಲಿಲ್ಲ. ಸೌಟಿನ ಅಂಚಿನಲ್ಲಿ ತೆಳು ಪರದೆಯಂತೆ ಜೋತು ನಿಂತಿತು.

"ಆಯ್ತು" ಎಂದರು ತಾತ. ಅವರು ಯಾವಾಗ ಬಂದು ಹಿಂದೆ ನಿಂತಿದ್ದರೋ ಗೊತ್ತಿಲ್ಲ. ಈ ಸಲ ಬೂಟು ಹಾಕಿದ್ದರು.

ಬಟ್ಟೆಯಲ್ಲಿ ಸೋಸಿದ ಪಾಕ ಒಂದು ಪುಟ್ಟ ಸೀಸೆ ತುಂಬಿ, ನೆಕ್ಕಲು ಸ್ವಲ್ಪ ಉಳಿಯಿತು. ಗಾಢ ಕಂದು ಬಣ್ಣ, ಒಂಚೂರು ಹೊಗೆಯ ರುಚಿ. ತಾತ ಚೀಟಿ ಬರೆದು ಡೆಲ್ಫೀನಳ ಕೈಗೆ ಕೊಟ್ಟರು. ಅವಳೇ ಅಂಟಿಸಿದಳು. ನಲವತ್ತನೆಯದು ಸಾಲಿಗೆ ಸೇರಿತು. ತಾತ ಕುರ್ಚಿಯನ್ನು ಕಿಟಕಿಯ ಕಡೆ ಎಳೆದುಕೊಂಡರು.

"ಮೂಸ್ ಬರದೇ ಇದ್ದಿದ್ರೆ ನಾಲ್ಕು ಸೀಸೆ ಆಗ್ತಿತ್ತು, ತಾತ! ಅದರ ಕೊಂಬು ನೋಡ್ಬೇಕಿತ್ತು ನೀವು!" ಎಂದೆ ನಾನು.

ತಾತ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಮಾರ್ಚ್ ತಿಂಗಳಲ್ಲಿ ಮೂಸ್‌ಗೆ ಕೊಂಬೆಲ್ಲಿಂದ ಬಂತೋ? ಚಳಿಗಾಲದಲ್ಲೇ ಉದುರಿ ಹೋಗಿರುತ್ತೆ. ನಿನ್ನ ಮೂಸ್ ಅಂಗಡೀಲಿ ಕೊಂಡ್ಕೊಂಡು ಬಂತೇನೋ?"

ಇವೆಟ್ ಅತ್ತೆ ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕರು. ನನ್ನ ಕಿವಿ ಒಲೆಗಿಂತ ಬಿಸಿಯಾಯಿತು. ಬಾಯಿ ತೆರೆದೆ. ಹೊಸ ಸುಳ್ಳು ಒಂದೂ ಬರಲಿಲ್ಲ.

"ರಸ್ತೆಗೆ ಹೋಗಿದ್ದೆ" ಎಂದೆ. "ನಮ್ಮ ಕ್ಲಾಸಿನ ಎಲ್ಡನ್ ಸೈಕಲ್ಲಲ್ಲಿ ಹೋಗ್ತಿದ್ದ. ಒಲೆ ಕಟ್ಟಿದ್ದು ನಾನೇ ಅಂತ ಅವನಿಗೆ ಹೇಳ್ತಾ ನಿಂತೆ. ಹೊತ್ತು ಹೋಗಿದ್ದೇ ತಿಳೀಲಿಲ್ಲ."

"ಗೊತ್ತು. ಹಿಮದ ಮೇಲೆ ನಿನ್ನ ಬೂಟಿನ ಗುರುತು ಮಾತ್ರ ಇತ್ತು" ಎಂದಳು ಡೆಲ್ಫೀನ್. "ರಸ್ತೆವರೆಗೆ ಹೋಗಿ, ವಾಪಸ್ ಬಂದಿತ್ತು."

"ಮತ್ತೆ ಆಗಲೇ ಯಾಕೆ ಬೈಲಿಲ್ಲ?"

"ಬೈತಾ ನಿಂತ್ರೆ ಬೆಂಕಿ ಆರ್ತಿತ್ತು" ಎಂದು ಅವಳು ಬೆರಳಿಗೆ ಅಂಟಿದ್ದ ಪಾಕ ನೆಕ್ಕಿದಳು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ನಾನೊಬ್ಬನೇ ಅವರ ಅಂಗಳಕ್ಕೆ ಹೋದೆ. ಕರಿ ಟ್ರೇ ಹಿಮದಲ್ಲಿ ಎಸೆದಲ್ಲೇ ಬಿದ್ದಿತ್ತು. ಮರಳು ಹಾಕಿ ಉಜ್ಜತೊಡಗಿದೆ. ಎಷ್ಟು ಉಜ್ಜಿದೆನೆಂದರೆ, ಹತ್ತು ದಿನ ಹತ್ತು ರಾತ್ರಿ...

ಇಲ್ಲ. ಎರಡು ಗಂಟೆ. ಒಂದು ಮೂಲೆಯ ಕರಿ ಇನ್ನೂ ಹೋಗಿಲ್ಲ.