ಮೂವತ್ತು ವರ್ಷದ ಪ್ಲಾನು

"ಕಸ ಅಂತ ಬರ್ದವ್ರು ಯಾರ್ರೀ?"

ಗೆಸ್ಟ್ ಹೌಸಿನ ಬಾಗಿಲಲ್ಲಿ ನಿಂತವನ ಕೈಯಲ್ಲಿ ನನ್ನದೇ ಸರ್ವೆ ಶೀಟು. ಮುಖ ಕೆಂಪಗಾಗಿತ್ತು.

"ನಾನೇ. ಶಶಿರೇಖಾ, ಕ್ಯಾಂಪಸ್ ಪ್ಲಾನರ್."

"ನಾನು ಚಿತ್ತೇಶ್. ಇಲ್ಲಿನ ತೋಟ ನೋಡ್ಕೊಳ್ಳೋನು. ನೀವು ಟ್ರ್ಯಾಕ್ಟರ್‌ಗೆ ತುಂಬ್ಸಿ ಬೇಲಿ ಪಕ್ಕ ಸುರಿಸಿದ್ದು ತೆಂಗಿನಕಾಯಿ ಸುಲಿದ ಮಟ್ಟೆ ಕಣ್ರೀ! ಸಾಲಿನ ನಡುವೆ ಗುಂಡಿ ತೆಗ್ದು ಜೋಡ್ಸಿದ್ದೆ, ಮಳೆ ನೀರು ಹಿಡಿಯಕ್ಕೆ. ಮಣ್ಣು ಮುಚ್ಚೋದೊಂದೇ ಬಾಕಿ ಇತ್ತು."

ನನಗೆ ತಲೆ ಎತ್ತಲಾಗಲಿಲ್ಲ. ತಿಪಟೂರಿನಿಂದ ಹಾಲ್ಕುರಿಕೆಗೆ ಹೋಗುವ ದಾರಿಯಲ್ಲಿ ಏಳಲಿದ್ದ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ಸಿನಲ್ಲಿ, ಮುಂದಿನ ಮೂವತ್ತು ವರ್ಷ ಒಂದು ಹನಿ ನೀರೂ ಪೋಲಾಗದಂತೆ ಪ್ಲಾನ್ ಮಾಡಲು ಬಂದ ಮಹಾತಾಯಿ ನಾನು.

ಮರುದಿನ ಬೆಳಿಗ್ಗೆ ತೋಟಕ್ಕೆ ಹೋಗಿ, ಬೇಲಿ ಪಕ್ಕದ ಮಟ್ಟೆ ಹೊತ್ತು ತಂದು ಗುಂಡಿಗೆ ಜೋಡಿಸತೊಡಗಿದೆ. ಅವನು ಸ್ವಲ್ಪ ಹೊತ್ತು ನೋಡಿದ.

"ಬೋರಲು ಹಾಕ್ತಿದೀರಲ್ಲ ಮೇಡಂ."

"ಮತ್ತೆ ಹೇಗೆ?"

"ಹೊಟ್ಟೆ ಮೇಲಕ್ಕಿರ್ಬೇಕು. ನೀರು ನಿಲ್ಲೋದು ಅದ್ರಲ್ಲೇ. ಇಷ್ಟೆಲ್ಲ ಓದ್ಬುಟ್ಟು..." ಉಳಿದದ್ದನ್ನು ನುಂಗಿಕೊಂಡ. ಕಣ್ಣು ಮಾತ್ರ ನಗುತ್ತಿತ್ತು.

"ಮನೇಲಿ ಯಾರ್ಯಾರಿದ್ದೀರಿ?" ಮಾತು ಬದಲಿಸಲು ಕೇಳಿದೆ.

"ನಾನು, ಎರಡು ಎಮ್ಮೆ. ಅವೂ ಮಾತು ಕಮ್ಮಿ."

ಮೂರು ತಿಂಗಳು ಹೀಗೇ. ಬೆಳಗಿನ ಎರಡು ಗಂಟೆ ಅವನ ಜೊತೆ. ಮಿಕ್ಕ ಹೊತ್ತೆಲ್ಲ ನಾನೊಬ್ಬಳೇ. ಹನ್ನೆರಡು ಕೋಣೆಯ ಗೆಸ್ಟ್ ಹೌಸಿನಲ್ಲಿ ಒಂದೇ ಕೋಣೆಗೆ ದೀಪ. ಒಂದು ತಟ್ಟೆ, ಒಂದು ಲೋಟ ತೊಳೆಯಲು ಎಷ್ಟು ಹೊತ್ತು ಬೇಕು? ಸುಮ್ಮನೆ ಎರಡೆರಡು ಸಲ ತೊಳೆಯುತ್ತಿದ್ದೆ. ಐದು ಊರಲ್ಲಿ ಐದು ಕ್ಯಾಂಪಸ್ ಪ್ಲಾನ್ ಮಾಡಿದವಳು, ಒಂದರಲ್ಲೂ ನೆಟ್ಟ ಮರದ ನೆರಳಿಗೆ ಕೂತವಳಲ್ಲ.

ಪ್ಲಾನಿಗೆ ಒಪ್ಪಿಗೆ ಸಿಕ್ಕಿತು. ಅದನ್ನು ಜಾರಿಗೆ ತರಲು ಇಲ್ಲೇ ಉಳಿಯುತ್ತೀರಾ ಎಂದು ರಿಜಿಸ್ಟ್ರಾರ್ ಕೇಳಿದರು. ಶುಕ್ರವಾರ ಸಂಜೆಯೊಳಗೆ ಉತ್ತರ ಬೇಕಿತ್ತು.

ಚಿತ್ತೇಶನಿಗೂ ವಿಷಯ ಗೊತ್ತು. ಅವನ ಒಂದು ಮಾತಿಗೆ ಕಾದೆ. ಪುಣ್ಯಾತ್ಮ ಮಳೆ ಬಗ್ಗೆ ಹೇಳಿದ, ತೆಂಗಿನ ಸುಳಿಗೆ ಬೀಳುವ ಹುಳದ ಬಗ್ಗೆ ಹೇಳಿದ, ಅದೊಂದನ್ನು ಬಿಟ್ಟು.

ಶುಕ್ರವಾರ ನಾಲ್ಕು ಗಂಟೆಗೆ ನಾನೇ ತೋಟಕ್ಕೆ ಹೋದೆ.

"ನೀವು ಇರಿ ಅಂದ್ರೆ ಇರ್ತೀನಿ."

ಅವನು ಕೈಯ ಮಣ್ಣು ಕೊಡವಿದ. "ಅನ್ನಲ್ಲ ಕಣ್ರೀ."

"ಅಷ್ಟೇನಾ?"

"ನನ್ ಮಾತಿಗೆ ಉಳ್ಕಂಡ್ರೆ, ಈ ಊರು ಬೇಜಾರಾದ ದಿನ ನಾನೂ ನಿಮ್ಗೆ ಬೇಜಾರಾಗ್ತೀನಿ. ನಿಮ್ಗೆ ಬೇಕು ಅನ್ಸಿದ್ರೆ ಉಳ್ಕಳಿ. ಆಮೇಲೆ ನನ್ ಮಾತು ಹೇಳ್ತೀನಿ."

"ನಾನು ಹೋದ್ರೆ?"

"ಆ ಮಾತು ನನ್ ಹತ್ರಾನೇ ಇರುತ್ತೆ ಬುಡಿ."

ಸಿಟ್ಟು ಬಂತು. ಅದರ ಹಿಂದೆಯೇ, ಈ ಊರನ್ನು ಬಿಟ್ಟು ಹೋಗಲಾರೆ ಎಂಬುದೂ ಸ್ಪಷ್ಟವಾಯಿತು. ಅವನ ಎದುರಿಗೇ ರಿಜಿಸ್ಟ್ರಾರ್‌ಗೆ ಫೋನ್ ಮಾಡಿದೆ. "ಉಳ್ಕೊಳ್ತೀನಿ ಸರ್."

ಫೋನ್ ಇಟ್ಟು ನೋಡಿದರೆ ಚಿತ್ತೇಶ ಆ ಕಡೆ ತಿರುಗಿ ನಿಂತಿದ್ದ.

"ಈಗ ಹೇಳಿ."

ನನ್ನ ಕಡೆ ತಿರುಗಿದ.

"ಮೂರು ತಿಂಗ್ಳಿಂದ ಒಲೆ ಮೇಲೆ ಇಬ್ರಿಗಾಗುವಷ್ಟು ಮುದ್ದೆಗೆ ಎಸರಿಡ್ತಿದೀನಿ," ಎಂದ. "ಕರೆಯಕ್ಕೆ ಧೈರ್ಯ ಸಾಲ್ದೆ, ಮಿಕ್ಕಿದ್ದನ್ನ ಎಮ್ಮೆಗೆ ಹಾಕ್ತಿದ್ದೆ."