ಕೈಸರ ತಿನ್ನದ ಬರ್ಗರ್

ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಕಣ್ಣು ಬೇಕಿಲ್ಲ, ಬೆರಳೇ ನೋಡಿಕೊಳ್ಳುತ್ತದೆ. ಹಾಗಾಗಿ ಬಾಯಿ ಸುಮ್ಮನಿರುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರ ಹಿಂದಿನ ತಗಡಿನ ಶೆಡ್ಡಿನಲ್ಲಿ, ಕೆಂಪು ರಾಶಿಯ ಸುತ್ತ ಕುಳಿತ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡೇ ಹರಟುತ್ತಿದ್ದರು. ಮುಸರತ ಒಬ್ಬಳೇ ಸುಮ್ಮನಿದ್ದಳು. ಮಸ್ಕತ್ತಿನಿಂದ ತಿರುಗಿ ಬಂದಾಗಿನಿಂದಲೂ ಅವಳು ಹೀಗೆಯೇ.

“ಏ ಮುಸರತ, ಫಾರಿನ್ನಿಗೆ ಹೋಗಿ ಬಂದಾಕಿ ನೀ, ಒಂದರ ಕತಿ ಹೇಳವಾ,” ಎಂದಳು ಪಕ್ಕದ ಶಾರದವ್ವ. “ಅಲ್ಲಿ ಖಾರ ಸಿಗ್ತಿತ್ತೋ, ಬರೇ ಸಪ್ಪನ್ನ ತಿಂದು ಬಂದ್ಯೋ?”

“ಸಿಗ್ತಿತ್ತಬೇ. ಒಂದು ಬರ್ಗರ್ ಇತ್ತು, ತಿಂದ್ರ ಕಿವ್ಯಾಗಿಂದ ಹೊಗಿ ಬರಬೇಕು.”

“ಬನ್ನಿನ್ಯಾಗ ಪಲ್ಯಾ ಇಟ್ಟಿರ್ತಾರಲ್ಲ, ಅದ?”

“ಅದ. ಪಲ್ಯಾದ ಬದ್ಲಿ ಕೋಳಿ. ರಾಣೆಬೆನ್ನೂರಿನ ಡ್ರೈವರ್ ಒಬ್ಬಂವ ತಿನ್ನಿಸಿದ್ದ.”

ಅಷ್ಟು ಹೇಳಿದ್ದೇ ತಡ, ಮಸ್ಕತ್ತು ಅವಳ ಕಣ್ಣ ಮುಂದೆ ಬಂದು ನಿಂತಿತು.

ಅಲ್ಲಿ ಅವಳು ಒಂದು ಮನೆಯ ಅಡಿಗೆಯವಳು. ಆ ಡ್ರೈವರ್ ಕೈಸರ, ಪಕ್ಕದ ಮನೆಯ ಕಾರು ಓಡಿಸುವವನು. ಹಾಲಿಗೆ ಬಾಯಿ ಹಾಕಿದ ಬೆಕ್ಕನ್ನು ಅವಳೊಮ್ಮೆ “ನಡಿ ಅತ್ತಾಗ, ಮುದಿ ಕಳ್ಳಿ” ಎಂದು ಬೈದಾಗ, ಕಾಂಪೌಂಡಿನಾಚೆ ಕಾರು ಒರೆಸುತ್ತಿದ್ದವನು ಬಟ್ಟೆ ಕೈಬಿಟ್ಟು ನಕ್ಕಿದ್ದ. ಇಬ್ಬರ ಮನೆಮಾತೂ ಉರ್ದು. ಆದರೆ ಆ ಬೀದಿಯಲ್ಲಿ ಉರ್ದು ಎಲ್ಲರಿಗೂ ತಿಳಿಯುತ್ತಿತ್ತು. ಹೀಗಾಗಿ ಇಬ್ಬರೂ ಮನೆಯ ಮಾತು ಬಿಟ್ಟು ಸಂತೆಯ ಮಾತಾದ ಕನ್ನಡದಲ್ಲಿ ಪ್ರೀತಿಸಿದರು.

ಒಂದು ಶುಕ್ರವಾರ ಅವನು ಅವಳನ್ನು ಆ ಬರ್ಗರ್ ಅಂಗಡಿಗೆ ಕರೆದೊಯ್ದ. ಬರ್ಗರಿನ ಡಬ್ಬಿಯ ಮೇಲೆ ಬೆಂಕಿಯ ಚಿತ್ರ. ಪೂರ್ತಿ ತಿಂದವರ ಫೋಟೋ ಗೋಡೆಗೆ.

“ಬ್ಯಾಡಗಿಯಾಕಿ ನೀ. ಊರಿನ ಮಾನ ಉಳಿಸು,” ಎಂದ.

“ನಮ್ಮ ಮೆಣಸಿನಕಾಯಿ ಹೆಸರಾಗಿದ್ದು ಬಣ್ಣಕ್ಕರೀ, ಖಾರಕ್ಕಲ್ಲ. ರಾಣೆಬೆನ್ನೂರಾಗ ಇಷ್ಟೂ ಕಲಿಸಿಲ್ಲೇನ್ ನಿಮಗ?”

“ಹಂಗಾರ ಬಣ್ಣನ ನೋಡೂಣು. ತಿನ್ನು, ಮಾರಿ ಕೆಂಪಾಗ್ಲಿ.”

ಅವಳು ಕಚ್ಚಿದಳು. ಮೊದಲು ಏನೂ ಇಲ್ಲ. ಆಮೇಲೆ ನಾಲಿಗೆ, ಗಂಟಲು, ಕಿವಿಯ ಬುಡ, ಎಲ್ಲ ಒಟ್ಟಿಗೆ ಹತ್ತಿಕೊಂಡವು. ಕಣ್ಣಲ್ಲಿ ಮೂಗಲ್ಲಿ ನೀರು. ಅವನು ತನ್ನ ಲೋಟದ ಐಸು ತೆಗೆದುಕೊಟ್ಟು, ಊಟದ ಪಟ್ಟಿಯಿಂದ ಗಾಳಿ ಹಾಕಿದ. ಹಾಕುತ್ತಲೇ ಅವಳ ಮೂಗಿನ ತುದಿಯನ್ನು ನೋಡಿದ, ತುಂಬ ಹೊತ್ತು ನೋಡಿದ.

“ಏನ್ ನೋಡ್ತೀರಿ?”

“ಬಣ್ಣ.”

ಅವಳು ಕೆಮ್ಮುತ್ತ ನಕ್ಕಳು. “ಈಗ ನಿಮ್ಮ ಪಾಳಿ.”

“ನನಗ ಬ್ಯಾಡ. ಇವತ್ತ ನಾ ಬ್ಯಾರೇ ಏನೋ ಕೇಳಬೇಕಂತ ಕರ್ಕೊಂಡು ಬಂದೇನಿ.”

“ಮೊದ್ಲ ತಿನ್ರಿ. ಆಮ್ಯಾಲ ಏನ್ ಕೇಳಿದ್ರೂ ಹೂಂ ಅಂತೇನಿ.”

ಆ ಆಸೆಗೆ ಅವನು ಬರ್ಗರ್ ಎತ್ತಿಕೊಂಡ. ಆದರೆ ಕಚ್ಚಲಿಲ್ಲ. ಉಗುರಿನಿಂದ ಚೂರು ಕಿತ್ತು ಹಲ್ಲಿನ ಸಂದಿಯಲ್ಲಿ ತುರುಕಿಕೊಂಡ. ಅವನ ಮುಖ ಕೆಂಪಾಗಲಿಲ್ಲ, ಬೂದಿಯ ಬಣ್ಣಕ್ಕೆ ತಿರುಗಿತು. ಮೇಜಿನ ಅಂಚು ಹಿಡಿದು ಕುಳಿತವನು ಕೈ ಒರೆಸುವ ಕಾಗದವನ್ನು ಬಾಯಿಗೊತ್ತಿಕೊಂಡ. ತೆಗೆದಾಗ ಅದರ ಮೇಲೆ ತೆಳ್ಳಗೆ ರಕ್ತವಿತ್ತು.

ಮುಸರತಳ ನಗು ನಿಂತಿತು. ಅವಳ ಅಪ್ಪ ಬುಡನಸಾಬ ಬ್ಯಾಡಗಿ ಮಾರ್ಕೆಟ್ಟಿನ ಹಮಾಲ, ದವಡೆಯಲ್ಲಿ ಸದಾ ಗುಟ್ಕಾ. ಮೊದಲು ಖಾರ ಬಿಟ್ಟ. ಆಮೇಲೆ ಬಾಯಿ ತೆರೆಯದಾಯಿತು, ಕ್ಯಾನ್ಸರ್ ಎಂದರು. ಆಮೇಲಿನ ಹುಣ್ಣು ಕೀವನ್ನೆಲ್ಲ ಅವಳೇ ತೊಳೆದಿದ್ದಳು, ಕೊನೆಯ ದಿನದವರೆಗೆ. ಮೂರು ಬೆರಳು ನಿಲ್ಲಿಸಿ ಹಿಡಿದರೆ ಬಾಯೊಳಗೆ ಹೋಗಬೇಕು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ತೋರಿಸಿದ್ದರು.

ಅವಳು ಮೇಜಿನಾಚೆ ಕೈಚಾಚಿ ಅವನ ತುಟಿ ಮುಟ್ಟಿದಳು. ಅದು ಅವರ ಮೊದಲ ಸ್ಪರ್ಶ. ಕೈಸರ ಬೇರೆಯೇ ತಿಳಿದುಕೊಂಡು ಕಣ್ಣು ಮುಚ್ಚಿದ.

“ಬಾಯಿ ತೆಗೀರಿ.”

“ಏ, ಮಂದಿ ನೋಡ್ತಾರ.”

“ನೋಡ್ಲಿ. ತೆಗೀರಿ.”

ಒಂದು ಬೆರಳು ಹೋಯಿತು. ಎರಡನೆಯದು ಹಲ್ಲಿಗೆ ತಾಗಿ ನಿಂತಿತು.

“ಗುಟ್ಕಾ?”

“ಬಿಟ್ಟೇನಿ. ನೀ ಸಿಕ್ಕ ಮ್ಯಾಲ ಮುಟ್ಟಿಲ್ಲ, ಖುದಾನ ಆಣಿ.”

ಅವಳು ಕೈ ಹಿಂದೆಗೆದುಕೊಂಡಳು. ಕೇಳಬೇಕೆಂದಿದ್ದನ್ನು ಅವನು ಕೇಳಲಿಲ್ಲ. ಏನು ಎಂದು ಅವಳೂ ಕೇಳಲಿಲ್ಲ. ಕರಾರು ಮುಗಿದಾಗ ಅವನಿಗೆ ಹೇಳದೆಯೇ ವಿಮಾನ ಹತ್ತಿದಳು.

ಅವನೂ ಊರಿಗೆ ಬಂದ. ಹುಬ್ಬಳ್ಳಿಯಲ್ಲಿ ಆಪರೇಶನ್ ಆಗಿ ಅರ್ಧ ದವಡೆ ಹೋಯಿತು. ರಾಣೆಬೆನ್ನೂರಿನ ಅಕ್ಕನ ಮನೆಯಿಂದ ಅವಳಿಗೆ ಬರೆದಿದ್ದ: ‘ಮಾತು ಹೋಗೇತಿ. ಫೋನು ಅಕ್ಕನ ಕೈಯಾಗಿರ್ತದ, ಅದಕ್ಕ ಕಾಗದ. ಅವತ್ತ ಕೇಳಬೇಕಂದಿದ್ದು ನಿಕಾದ ಮಾತು. ಈಗ ಕೇಳಂಗಿಲ್ಲ. ಹೂಂ ಅಂತೇನಿ ಅಂದಿದ್ಯಲ್ಲ, ಆ ಹೂಂ ನಿನಗ ವಾಪಸ್ ಕೊಟ್ಟೇನಿ. ತಗೊಂಡೆ ಅಂತ ಒಂದ್ ಸಾಲು ಬರಿ, ಸಾಕು.’

ಅವಳು ಅಂದೇ ಉತ್ತರ ಬರೆದಳು. ಅಮ್ಮ ಕುಲ್ಸುಮಬಿ ನೋಡಿ, “ನಿಮ್ಮಪ್ಪನ್ನ ತೊಳದ ಕೈ ಇನ್ನೂ ಆರಿಲ್ಲ. ಮತ್ತ ಅದ ಬೇಕೇನ ನಿನಗ?” ಎಂದಿದ್ದಳು. ಮುಸರತ ಲಕೋಟೆ ಅಂಟಿಸಿ ಚೀಲಕ್ಕೆ ಹಾಕಿಕೊಂಡಿದ್ದಳು. ಬರೆದದ್ದು ಮಳೆಗಾಲದಲ್ಲಿ. ಈಗ ಮೆಣಸಿನಕಾಯಿ ಸುಗ್ಗಿ. ಲಕೋಟೆ ಇನ್ನೂ ಅವಳ ಕೈಚೀಲದ ತಳದಲ್ಲೇ ಇತ್ತು.

“ಆಮ್ಯಾಲ?” ಶಾರದವ್ವ ಮೊಣಕೈಯಿಂದ ತಿವಿದಳು. “ಆ ಡ್ರೈವರ್ ತಿಂದನೋ, ನಿನಗಷ್ಟ ತಿನ್ನಿಸಿ ಕುಂತನೋ?”

“ತಿಂದ,” ಎಂದಳು ಮುಸರತ. ಮಾತು ತಾನಾಗಿ ಹೊರಬಿತ್ತು. “ಪೂರಾ ತಿಂದ. ಗ್ವಾಡಿಗೆ ಫೋಟೋ ಹಾಕಿದ್ರು.”

ಶೆಡ್ಡಿಗೆ ಶೆಡ್ಡೇ ಹೋ ಎಂದಿತು. “ಅಂಥಾ ಗಂಡಸನ್ನ ಬಿಟ್ಟು ಬಂದ್ಯಲ್ಲ, ಹುಚ್ಚಿ!”

ಅವಳೂ ನಕ್ಕಳು. ನಗುತ್ತಿದ್ದಂತೆ ಅವಳ ಬೆರಳು ನಿಂತವು. ಅಂಥಾ ಗಂಡಸು ಎಲ್ಲಿದ್ದ? ಬಾಯ್ತುಂಬ ಕಚ್ಚಿ ತಿಂದು ಗೋಡೆಯ ಮೇಲೆ ನಗುವವನನ್ನು ಅವಳು ಈಗಷ್ಟೇ ಮಾತಿನಲ್ಲಿ ಹುಟ್ಟಿಸಿದ್ದಳು, ತನಗೆ ಸುಲಭವಾಗಲೆಂದು. ಇರುವವನು ರಾಣೆಬೆನ್ನೂರಿನಲ್ಲಿ ಅಕ್ಕನ ಮನೆಯ ಮೂಲೆಯಲ್ಲಿ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಟಪಾಲಿನವನ ಸೈಕಲ್ಲಿಗೆ ಕಿವಿಗೊಟ್ಟು ಕುಳಿತಿದ್ದ. ಅಷ್ಟು ತಿಂಗಳು.

ಅವಳು ಎದ್ದು ಚೀಲ ಎತ್ತಿಕೊಂಡಳು.

“ಎಲ್ಲಿ ಹೊಂಟಿ? ರಾಶಿ ಹಂಗ ಐತಿ!”

“ಪೋಸ್ಟಿಗೆ ಹೋಗಿ ಬರ್ತೇನ್ಬೇ.”

ಅಂಚೆ ಕಚೇರಿಯ ಕಟ್ಟೆಯ ಮೇಲೆ ಲಕೋಟೆ ಬಿಚ್ಚಿದಳು. ಅಂದು ಬರೆದದ್ದು ಒಂದೇ ಮಾತು: ‘ಕೊಟ್ಟ ಹೂಂ ನಾ ವಾಪಸ್ ತಗೊಳ್ಳಂಗಿಲ್ಲ.’ ಈಗ ಓದಿದರೆ ಅದರಲ್ಲಿ ಜಂಬವೇ ಹೆಚ್ಚಿತ್ತು. ಯಾರದೋ ಪೆನ್ನು ಕೇಳಿ ಇಸಕೊಂಡು ಕೆಳಗೆ ಬರೆದಳು: ‘ನನಗ ಬಾಳ ಅಂಜಿಕಿ ಐತಿ. ಅಂಜಿಕೋಂತನ ಬರ್ತೇನಿ. ಮಾರಿ ಮುಚ್ಚಿಕೊಂಡು ಕುಂದ್ರಬ್ಯಾಡ್ರಿ.’

ಮತ್ತೆ ಅಂಟಿಸಿ ಕೌಂಟರಿನಲ್ಲಿ ಕೊಟ್ಟಳು. ಗುಮಾಸ್ತ ವಿಳಾಸ ಓದಿ ನಕ್ಕ. “ರಾಣೆಬೆನ್ನೂರ ಇಲ್ಲೇ ಐತೆಲ್ಲವಾ. ಬಸ್ ಹತ್ತಿದ್ರ ಇದಕ್ಕಿಂತ ಮೊದ್ಲ ನೀನ ಮುಟ್ತಿ.”

“ಇದ ಮೊದ್ಲ ಹೋಗ್ಲಿರೀ,” ಎಂದಳು ಮುಸರತ. “ಬ್ಯಾಡ ಅನ್ನಾಕ ಅವರಿಗೂ ಒಂದ್ ದಿನ ಸಿಗಬೇಕಲ್ಲ.”

ಗುಮಾಸ್ತನಿಗೆ ತಿಳಿಯಲಿಲ್ಲ. ಠಪ್ಪೆಂದು ಮುದ್ರೆ ಒತ್ತಿ, ಕಾಗದವನ್ನು ಹೊರಡುವ ಚೀಲಕ್ಕೆ ಹಾಕಿದ.